ಹದಿನೈದು ದಿನದ ಕಾನೂನು

ಮುಂದಿನ ಕೋಣೆಯಲ್ಲಿ ಕೂರುವವರು ಯಾರ ಜನ ಎಂಬ ಮಾತಿನಿಂದ ಆ ಮನೆಯ ಜಗಳ ಶುರುವಾಯಿತು. ಇಪ್ಪತ್ತೆರಡು ವರ್ಷ ಆ ಕೋಣೆ ವಕೀಲಮ್ಮನ ಕಚೇರಿಯಾಗಿತ್ತು. ಠಾಣೆಯಲ್ಲಿ ಕೂಡಿಹಾಕಿದ ಗಂಡನನ್ನು ಹುಡುಕಿಕೊಂಡು ಬಂದ ಹೆಂಗಸರು, ಗುಡಿಸಲು ಕೆಡವಿಸಿಕೊಂಡವರು, ಸಂಘ ಕಟ್ಟಿದ್ದಕ್ಕೆ ಕೆಲಸ ಕಳೆದುಕೊಂಡವರು ಕೂತು ಎದ್ದು ಅಲ್ಲಿನ ಉದ್ದ ಬೆಂಚು ನುಣುಪಾಗಿಹೋಗಿತ್ತು. ಹೋದ ವರ್ಷ ವಕೀಲಮ್ಮ ಚುನಾವಣೆಗೆ ನಿಂತು ಗೆದ್ದು ಶಾಸಕಿಯಾದರು. ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿದರು. ಕೇಸುಗಳನ್ನೂ, ಹಳೆಯ ಗುಮಾಸ್ತರನ್ನೂ, ಆ ಕೋಣೆಯನ್ನೂ ಮಗಳಿಗೆ ಬಿಟ್ಟುಕೊಟ್ಟರು. ಮಗಳು ಕರಿ ಕೋಟು ಹಾಕಿ ಮೂರು ವರ್ಷವಾಗಿತ್ತು. ಬಿಟ್ಟುಕೊಟ್ಟದ್ದೇನೋ ಸರಿ, ಆದರೆ ಶಾಸಕಿಯನ್ನು ಕಾಣಲು ಬರುವವರಿಗೆ ಮನೆಯಲ್ಲಿ ಬೇರೆ ಜಾಗವೇ ಇರಲಿಲ್ಲ.

ಬೆಳಿಗ್ಗೆ ಏಳಕ್ಕೆಲ್ಲ ಬೆಂಚು ತುಂಬುತ್ತಿತ್ತು. ನಲ್ಲಿ ನೀರು, ವರ್ಗಾವಣೆ, ಶಿಫಾರಸು ಪತ್ರ ಎನ್ನುವವರ ನಡುವೆ ಕೋರ್ಟಿನ ತಾರೀಖಿಗೆ ಬಂದವರು ಸಿಕ್ಕಿಕೊಂಡು ಒದ್ದಾಡುತ್ತಿದ್ದರು. ಕೊನೆಗೆ ವಕೀಲಮ್ಮನ ಅತ್ತೆ ನಡುವೆ ಕೈಹಾಕಿದರು. ಅವರು ಮೂವತ್ತೈದು ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಮೊಮ್ಮಗಳ ಕಕ್ಷಿದಾರರಿಗೆ ಕೆಂಪು ಅಂಕಿ, ಸೊಸೆಯ ಜನಕ್ಕೆ ಕಪ್ಪು ಅಂಕಿ ಬರೆದು ಚೀಟಿ ಹಂಚತೊಡಗಿದರು. ಒಬ್ಬ ಮುದುಕ ತನಗೆ ಎರಡೂ ಬೇಕೆಂದು ಪಟ್ಟುಹಿಡಿದ. ಪೊಲೀಸರು ಹೊಡೆದದ್ದೂ ಹೌದು, ನಲ್ಲಿಯಲ್ಲಿ ನೀರು ಬರದಿರುವುದೂ ಹೌದು ಎಂದ. ಅವನಿಗೆ ಎರಡೂ ಕೊಟ್ಟರು.

ಈ ಗದ್ದಲದ ನಡುವೆ ಒಲೆಯ ಮುಂದೆ ನಿಲ್ಲುತ್ತಿದ್ದವರು ವಕೀಲಮ್ಮನ ಗಂಡ. ಅವರಿಗೆ ಎರಡು ಬೀದಿ ಆಚೆ ಕನ್ನಡಕದ ಅಂಗಡಿಯಿತ್ತು. ಬೆಳಗಿನ ಅಡುಗೆ ಅವರದ್ದು. ಹೆಂಡತಿ ಹೇಳಿದ್ದಕ್ಕೂ ಹೌದು, ಮಗಳು ಹೇಳಿದ್ದಕ್ಕೂ ಹೌದು ಎಂದು ಒಂಬತ್ತಕ್ಕೆ ಊಟದ ಡಬ್ಬಿ ಹಿಡಿದು ಹೊರಟುಬಿಡುತ್ತಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ತನ್ನ ಮಗನನ್ನು ಮೀರಿಸುವವರಿಲ್ಲ ಎಂದು ಅಜ್ಜಿ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಇದೆಲ್ಲ ನಗುನಗುತ್ತಲೇ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ಬಸ್ ಡಿಪೋದ ಕೆಲಸಗಾರರು ಎರಡನೆಯ ಸಲ ಮುಷ್ಕರ ಹೂಡಿದರು. ನಾಲ್ಕು ಬಸ್ಸಿಗೆ ಬೆಂಕಿ ಬಿತ್ತು. ಹಚ್ಚಿದವರು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ. ಸರ್ಕಾರ ಅದನ್ನೇ ನೆಪ ಮಾಡಿಕೊಂಡು ಹೊಸ ಮಸೂದೆ ತಂದಿತು. ಸಾರ್ವಜನಿಕ ಆಸ್ತಿಗೆ ಹಾನಿ ಮಾಡಬಹುದೆಂಬ ಅನುಮಾನ ಬಂದರೆ ಸಾಕು, ಪೊಲೀಸರು ಯಾರನ್ನೇ ಆಗಲಿ ಮೂವತ್ತು ದಿನ ಕೋರ್ಟಿಗೆ ತೋರಿಸದೆ ಇಟ್ಟುಕೊಳ್ಳಬಹುದಿತ್ತು. ಮಸೂದೆಯನ್ನು ಪರಿಶೀಲಿಸಲು ಏಳು ಶಾಸಕರ ಸಮಿತಿಯಾಯಿತು. ಸರ್ಕಾರ ನಡೆಸುತ್ತಿದ್ದದ್ದು ವಕೀಲಮ್ಮನ ಪಕ್ಷವೇ; ಪಕ್ಷದವರು ಅದಕ್ಕೆ ಅವರ ಹೆಸರನ್ನೂ ಸೇರಿಸಿದರು. ಅಮ್ಮನ ಹೆಸರಿದ್ದರೆ ಹೊರಗೆ ಯಾರೂ ಬಾಯಿ ಮಾಡುವುದಿಲ್ಲ, ಅದಕ್ಕೇ ಸೇರಿಸಿದ್ದಾರೆ ಎಂದು ಮಗಳು ಮೊದಲ ದಿನವೇ ಹೇಳಿದಳು. ವಕೀಲಮ್ಮ ಅಲ್ಲವೆನ್ನಲಿಲ್ಲ.

ಮೂರು ವಾರ ಸಮಿತಿ ನಡೆಯಿತು. ವಕೀಲಮ್ಮ ದಿನಾ ಕಡತದ ಚೀಲ ಹೊತ್ತು ಬಂದು, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಏನು ಸಿಕ್ಕಿದರೂ ನಿಂತೇ ತಿಂದು ಮತ್ತೆ ಓದಲು ಕೂರುತ್ತಿದ್ದರು. ಕೊನೆಯ ಭಾನುವಾರ ಮಧ್ಯಾಹ್ನ ನಾಲ್ವರೂ ಊಟದ ಮೇಜಿನ ಸುತ್ತ ಕೂತು ಬಟಾಣಿ ಸುಲಿಯುತ್ತಿದ್ದಾಗ ಸುದ್ದಿ ಹೇಳಿದರು. ಮೂವತ್ತು ದಿನ ಹದಿನೈದಾಗಿತ್ತು. ಹನ್ನೆರಡು ಗಂಟೆಯೊಳಗೆ ಮನೆಯವರಿಗೆ ತಿಳಿಸಬೇಕು, ಒಂದು ದಿನದೊಳಗೆ ವಕೀಲರನ್ನು ಬಿಡಬೇಕು ಎಂಬ ಎರಡು ಮಾತು ಸೇರಿದ್ದವು. ಅದಕ್ಕೆ ಬದಲಾಗಿ ಸಮಿತಿಯ ವರದಿಗೆ ಅವರು ತಕರಾರಿಲ್ಲದೆ ರುಜು ಹಾಕಬೇಕಿತ್ತು, ಸದನದಲ್ಲಿ ಪರವಾಗಿ ಕೈ ಎತ್ತಬೇಕಿತ್ತು.

ಮಗಳು ಸುಲಿಯುವುದನ್ನು ನಿಲ್ಲಿಸಿದಳು.

"ಒಂದು ದಿನಾನೂ ಕೂಡದು ಅಂತ ನಂಗೆ ಹೇಳಿಕೊಟ್ಟೋರು ಯಾರಮ್ಮ?"

"ನಾನೇ. ಆದ್ರೆ ಅವರ ಹತ್ರ ಬಹುಮತ ಇದೆ. ನಾನು ಬೇಡ ಅಂದ್ರೆ ಮೂವತ್ತೇ ಪಾಸಾಗುತ್ತೆ."

"ಆಗಲಿ. ಅವರ ಪಾಪ ಅವರಿಗೆ. ನಾಳೆ ನಾನು ಇದರ ವಿರುದ್ಧ ನಿಂತಾಗ ಸರ್ಕಾರಿ ವಕೀಲರು ಮೊದಲು ಓದೋದು ನಿನ್ನ ರುಜು."

"ಓದಲಿ ಬಿಡು. ಒಳಗೆ ಕೂತಿರೋನಿಗೆ ಹದಿನಾರನೇ ದಿನ ಮನೆ ಮುಖ ನೋಡೋದು ಮುಖ್ಯ. ನನ್ನ ರುಜು ಅಲ್ಲ."

ಕನ್ನಡಕದವರು ಇಬ್ಬರದೂ ಒಂದು ರೀತಿಯಲ್ಲಿ ನಿಜವೇ ಎಂದರು. ಯಾರೂ ಅವರತ್ತ ತಿರುಗಲಿಲ್ಲ. ಅಜ್ಜಿ ಸಿಪ್ಪೆಯನ್ನೆಲ್ಲ ಒಟ್ಟುಮಾಡುತ್ತ ಸೊಸೆಗೆ ಹೇಳಿದರು: "ಜೀವ ಉಳಿಸೋಕೆ ಕಾಲು ಕತ್ತರಿಸೋದನ್ನ ಎಷ್ಟೋ ಸಲ ನೋಡಿದೀನಿ. ತಪ್ಪು ಅನ್ನಲ್ಲ. ಆದ್ರೆ ಕಾಲು ಉಳಿಸಿಕೊಟ್ಟೆ ಅಂತ ಯಾವ ಡಾಕ್ಟರೂ ಹೇಳಿದ್ದು ಕೇಳಿಲ್ಲಮ್ಮ. ನೀನೂ ಹಾಗೆ ಹೇಳಬೇಡ."

ಮುಂದಿನ ಗುರುವಾರ ಮಸೂದೆ ಪಾಸಾಯಿತು. ವಕೀಲಮ್ಮ ಕೈ ಎತ್ತಿದ್ದರು. ಮರುದಿನದ ಪತ್ರಿಕೆಯಲ್ಲಿ ಆ ಚಿತ್ರ ಬಂತು. ಶನಿವಾರ ಮಗಳು ಅಪ್ಪನ ಅಂಗಡಿಯ ಮೇಲಿನ ಖಾಲಿ ಕೋಣೆಗೆ ಕಡತಗಳನ್ನೆಲ್ಲ ಸಾಗಿಸಿದಳು. ಗುಮಾಸ್ತರು ಬಂದು ವಕೀಲಮ್ಮನ ಮುಂದೆ ನಿಂತರು. ತಮ್ಮ ಮದುವೆಯಾದ ವರ್ಷವೇ ಈ ಮನೆಗೆ ಕೆಲಸಕ್ಕೆ ಸೇರಿದವರು, ಈಗ ಸಕ್ಕರೆ ಕಾಯಿಲೆ, ಊರೆಲ್ಲ ನಡೆದು ಸವೆದ ಕಾಲು. ಚಿಕ್ಕ ವಕೀಲಮ್ಮನವರ ಜೊತೆ ಹೋಗಲೇ ಎಂದು ಕೇಳಿದರು. ನೋಟೀಸು, ವಕಾಲತ್ತು ಒಂದೂ ಅವಳಿಗೆ ಇನ್ನೂ ಸರಿಯಾಗಿ ಬಾರದು, ನೀವು ಹೋಗಲೇಬೇಕು ಎಂದು ವಕೀಲಮ್ಮ ಹೇಳಿ ಕಳಿಸಿದರು.

ಮಗಳು ಕೋಣೆ ಬಿಟ್ಟಳೇ ಹೊರತು ಮನೆಯ ಊಟ ಬಿಡಲಿಲ್ಲ. ತಾಯಿ ಮಗಳ ನಡುವೆ ಬೇಕಾದ ಮಾತೆಲ್ಲ ಅಜ್ಜಿಯ ಮೂಲಕ ಸಾಗುತ್ತಿತ್ತು. ಉಪ್ಪು ಕೊಡು ಎಂದು ಹೇಳಲೂ ಅಜ್ಜಿಯೇ ಬೇಕು. ತನಗೆ ಪಿಂಚಣಿ ಕೊಡುವುದು ಆಸ್ಪತ್ರೆಯವರು, ಟೆಲಿಫೋನ್ ಇಲಾಖೆಯವರಲ್ಲ ಎಂದು ಅಜ್ಜಿ ಎರಡನೆಯ ವಾರ ತಗಾದೆ ತೆಗೆದರು. ಮಗಳು ಹೊಸ ಕಾನೂನಿನ ವಿರುದ್ಧ ರಿಟ್ ಅರ್ಜಿ ಹಾಕಿದಳು. ಅದರಲ್ಲಿ ಅಮ್ಮನೇ ಹಿಂದೆ ಗೆದ್ದಿದ್ದ ಮೂರು ಕೇಸುಗಳ ತೀರ್ಪನ್ನು ಉಲ್ಲೇಖಿಸಿದ್ದಳು. ಅರ್ಜಿಯ ಪ್ರತಿ ಮೇಜಿನ ಮೇಲೆ ಬಿದ್ದಿದ್ದಾಗ ವಕೀಲಮ್ಮ ಓದಿ, ಒಂದು ಕಡೆ ಪುಟದ ಸಂಖ್ಯೆ ತಪ್ಪಾಗಿದೆ ಎಂದು ಅತ್ತೆಗೆ ಹೇಳಿದರು. ಅತ್ತೆ ಅದನ್ನೂ ದಾಟಿಸಿದರು.

ಆರು ವಾರದ ನಂತರ ಡಿಪೋದವರು ಮೂರನೆಯ ಸಲ ಮುಷ್ಕರಕ್ಕೆ ಕೂತರು. ಈ ಸಲ ಗೇಟಿನ ಹೊರಗೆ ನೆಲದ ಮೇಲೆ ಸುಮ್ಮನೆ ಕೂತದ್ದಷ್ಟೇ. ಗುಮಾಸ್ತರು ವಕಾಲತ್ತಿನ ಕಾಗದಗಳಿಗೆ ರುಜು ಹಾಕಿಸಿಕೊಳ್ಳಲು ಬೆಳಿಗ್ಗೆ ಅಲ್ಲಿಗೆ ಹೋಗಿದ್ದರು. ಹತ್ತು ಗಂಟೆಗೆ ವ್ಯಾನು ಬಂತು. ಹನ್ನೊಂದು ಜನ ಕೆಲಸಗಾರರ ಜೊತೆ ಅವರನ್ನೂ ಹತ್ತಿಸಿಕೊಂಡು ಹೋದರು.

ಸಂಜೆ ಆರಕ್ಕೆ ಠಾಣೆಯಿಂದ ಗುಮಾಸ್ತರ ಹೆಂಡತಿಗೆ ಫೋನ್ ಬಂತು. ಕಾನೂನಿನಲ್ಲಿದ್ದ ಹನ್ನೆರಡು ಗಂಟೆಯೊಳಗೇ ತಿಳಿಸಿದ್ದರು. ಮರುದಿನ ವಕೀಲಮ್ಮನ ಮಗಳನ್ನು ಅವರ ವಕೀಲೆಯೆಂದು ಒಳಗೆ ಬಿಟ್ಟರು, ಅದೂ ಕಾನೂನಿನಂತೆಯೇ. ಗುಮಾಸ್ತರು ಮಾತ್ರೆಯ ಚೀಟಿಯನ್ನು ಅವಳ ಕೈಗೆ ಕೊಟ್ಟು, ಹಿಂದಿನ ಕೇಸಿನ ತಾರೀಖನ್ನು ನೆನಪಿಸಿ ಕಳಿಸಿದರು. ಮಾತ್ರೆಗಳನ್ನು ಅವಳು ಠಾಣೆಯ ಮೇಜಿನಲ್ಲಿ ಒಪ್ಪಿಸಿ ಬಂದಳು. ಅವು ಗುಮಾಸ್ತರಿಗೆ ತಲುಪಲು ನಾಲ್ಕು ದಿನ ಹಿಡಿಯಿತು ಎಂಬುದು ಆಮೇಲೆ ಗೊತ್ತಾಯಿತು.

ಅದೇ ಬೆಳಿಗ್ಗೆ ಗುಮಾಸ್ತರ ಹೆಂಡತಿ ವಕೀಲಮ್ಮನ ಮುಂದಿನ ಕೋಣೆಗೆ ಬಂದು ಕೂತಿದ್ದರು. ಜೊತೆಗೆ ಕೆಲಸಗಾರರ ಮನೆಯ ಐದಾರು ಹೆಂಗಸರೂ ಬಂದಿದ್ದರು. ಅವತ್ತು ಅಜ್ಜಿ ಚೀಟಿ ಕೊಡಲಿಲ್ಲ, ಎಲ್ಲರಿಗೂ ಟೀ ಕೊಟ್ಟರು. ವಕೀಲಮ್ಮ ಎಲ್ಲರ ಎದುರಿಗೇ ಪೊಲೀಸ್ ಕಮಿಷನರಿಗೆ ಫೋನ್ ಮಾಡಿದರು. ಕಮಿಷನರು ಬಹಳ ಮರ್ಯಾದೆಯಿಂದ ಮಾತಾಡಿದರು. ಗುಮಾಸ್ತರು ತಮ್ಮ ಕಡೆಯವರೆಂದು ಗೊತ್ತಿರಲಿಲ್ಲ, ಸಂಜೆಯೊಳಗೆ ಅವರನ್ನು ಮನೆ ಮುಟ್ಟಿಸುತ್ತೇನೆ ಎಂದರು. ವಕೀಲಮ್ಮ ಹನ್ನೆರಡು ಜನರ ವಿಷಯ ಕೇಳುತ್ತಿದ್ದೇನೆ ಎಂದರು. ಹನ್ನೊಂದು ಜನರ ಮಾತು ಎತ್ತದಿದ್ದರೆ ಇಬ್ಬರಿಗೂ ಒಳ್ಳೆಯದು, ಕಾನೂನು ತಾವೇ ಮಾಡಿದ್ದಲ್ಲವೇ ಎಂದು ಆಚೆಯಿಂದ ಉತ್ತರ ಬಂತು. ವಕೀಲಮ್ಮ ಒಂದು ಸಲ ಬೆಂಚಿನ ಕಡೆ ನೋಡಿದರು. ಹೆಂಗಸರೆಲ್ಲ ಅವರ ಬಾಯನ್ನೇ ನೋಡುತ್ತಿದ್ದರು.

"ಹಾಗಾದ್ರೆ ಬೇಡ," ಎಂದು ಫೋನ್ ಇಟ್ಟರು.

ಗುಮಾಸ್ತರ ಹೆಂಡತಿ ಏನು ಬೇಡವೆಂದಿರಿ ಎಂದು ಕೇಳಿದರು. ವಕೀಲಮ್ಮ ಮುಚ್ಚಿಡದೆ ಹೇಳಿದರು. ಆಕೆ ಟೀ ಲೋಟವನ್ನು ತಾವೇ ಅಡುಗೆಮನೆಗೆ ಒಯ್ದು ತೊಳೆದಿಟ್ಟು ಹೊರಟುಹೋದರು.

ಮಧ್ಯಾಹ್ನ ಮಗಳು ಊಟಕ್ಕೆ ಬಂದಳು. ನಡೆದದ್ದನ್ನು ಅಜ್ಜಿ ಹೇಳಿದರು. ಎರಡು ತಿಂಗಳ ಮೇಲೆ ಮೊದಲ ಸಲ ಮಗಳು ನೇರವಾಗಿ ಅಮ್ಮನಿಗೆ ಮಾತಾಡಿದಳು.

"ನಾನಾಗಿದ್ರೆ ಕರ್ಕೊಂಡು ಬಂದುಬಿಡ್ತಿದ್ದೆ."

"ಉಳಿದೋರ ಹೆಂಡತೀರು ಎದುರಿಗೇ ಕೂತಿದ್ರು ಕಣೇ."

"ಅವರಿಗೆ ನಾನು ಉತ್ತರ ಹೇಳ್ತಿದ್ದೆ. ಒಬ್ಬರು ಹೊರಗೆ ಬಂದ್ರೆ ಒಬ್ಬರಾದ್ರೂ ಬಂದ ಹಾಗೆ. ಗುಮಾಸ್ತರಿಗೆ ಸಕ್ಕರೆ ಕಾಯಿಲೆ ಇದೆ ಅಮ್ಮ, ನಿಂಗೊತ್ತಿಲ್ವಾ?"

ವಕೀಲಮ್ಮ ಗೊತ್ತಿದೆ ಎಂದರು. ಗೊತ್ತಿದ್ದೇ ಬೇಡವೆಂದೆ ಎಂದರು. ಕನ್ನಡಕದವರು ಅನ್ನ ಬಡಿಸುತ್ತಿದ್ದವರು ಕೈ ತಡೆದು, "ಅವತ್ತು ನೀನು ಆಡಿದ ಮಾತು ಇವತ್ತು ಇವಳಾಡ್ತಿದಾಳೆ, ಇವಳದ್ದು ನೀನು," ಎಂದರು. ಅಪರೂಪಕ್ಕೆ ಅವರ ಮಾತಿಗೆ ಎಲ್ಲರೂ ತಲೆಯೆತ್ತಿದರು. ಆದರೆ ಅದರಿಂದ ಏನೂ ಇತ್ಯರ್ಥವಾಗಲಿಲ್ಲ. ಮಗಳು ಅರ್ಧ ಊಟಕ್ಕೆ ಎದ್ದು ಠಾಣೆಗೆ ಹೋದಳು.

ಮೂರು ದಿನ ವಕೀಲಮ್ಮ ಗೃಹಮಂತ್ರಿಗಳ ಮನೆಗೆ, ಪಕ್ಷದ ಕಚೇರಿಗೆ ಅಲೆದರು. ಎಲ್ಲ ಕಡೆ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ಹದಿನೈದು ದಿನ ತಾನೇ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಳೆದುಹೋಗುತ್ತದೆ ಎಂದರು. ನಾಲ್ಕನೆಯ ದಿನ ಅವರು ಮನೆಯಲ್ಲೇ ಕೂತು ಬರೆಯತೊಡಗಿದರು. ಐದನೆಯ ದಿನ ಮಧ್ಯಾಹ್ನ ಬರೆದದ್ದನ್ನು ಹಿಡಿದು ಗಂಡನ ಅಂಗಡಿಯ ಮೆಟ್ಟಿಲು ಹತ್ತಿದರು. ಆ ಕೋಣೆಗೆ ಅವರು ಬಂದದ್ದು ಅದೇ ಮೊದಲು. ಮಗಳ ಮೇಜಿನ ಮುಂದೆ ಕಕ್ಷಿದಾರರು ಕೂರುವ ಕುರ್ಚಿಯಲ್ಲಿ ಕೂತರು.

ಅದು ಒಂದು ಅಫಿಡವಿಟ್. ಹೊಸ ಕಾನೂನನ್ನು ಶಾಂತವಾಗಿ ಕೂತ ಮುಷ್ಕರದವರ ಮೇಲೆ ಬಳಸುವುದಿಲ್ಲವೆಂದು ಗೃಹ ಇಲಾಖೆಯ ಅಧಿಕಾರಿ ಸಮಿತಿಯ ಮುಂದೆ ಮಾತು ಕೊಟ್ಟಿದ್ದರು, ಅದು ನಡಾವಳಿಯಲ್ಲಿ ದಾಖಲಾಗಿದೆ ಎಂದು ಅದರಲ್ಲಿತ್ತು. ಸಮಿತಿಯೊಳಗೆ ನಡೆದದ್ದನ್ನು ಹೊರಗೆ ಹೇಳುವ ಹಾಗಿರಲಿಲ್ಲ. ಹೇಳಿದರೆ ಪಕ್ಷ ಸುಮ್ಮನಿರುವುದಿಲ್ಲ, ಸದನ ವಿಚಾರಣೆಗೆ ಕರೆದರೂ ಕರೆಯಬಹುದು ಎಂಬುದು ಇಬ್ಬರಿಗೂ ಗೊತ್ತಿತ್ತು. ಮಗಳು ಅದರ ಮಾತೆತ್ತಲಿಲ್ಲ. ಪೆನ್ಸಿಲು ಹಿಡಿದು ಬೇರೆ ಯಾವ ಕಕ್ಷಿದಾರರ ಕಾಗದವನ್ನು ಓದುವಂತೆಯೇ ಓದಿದಳು. ನಾಲ್ಕನೆಯ ಪ್ಯಾರಾದ ಹತ್ತಿರ ನಿಂತಳು.

"ಕಾಯ್ದೆಯ ಅಪಾಯದ ಬಗ್ಗೆ ಸಮಿತಿಯಲ್ಲಿ ಆಕ್ಷೇಪ ಎತ್ತಿದ್ದೆ ಅಂತ ಬರ್ದಿದೀಯ. ಎತ್ತಿದ್ಯಾ?"

"ನನ್ನ ಮನಸ್ಸಲ್ಲಿ ಇತ್ತು."

"ಮನಸ್ಸಲ್ಲಿದ್ದದ್ದನ್ನ ಕೋರ್ಟು ಕೇಳ್ತಿಲ್ಲ. ಬಾಯಿಬಿಟ್ಟು ಹೇಳಿದ್ಯಾ?"

ಕೆಳಗೆ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರ ಓಡುತ್ತಿತ್ತು. ವಕೀಲಮ್ಮ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು.

"ಇಲ್ಲ. ಆಗ ದಿನ ಇಳಿಸೋ ಚೌಕಾಸಿ ನಡೀತಿತ್ತು. ಬಾಯಿಬಿಟ್ಟಿದ್ರೆ ಅದೂ ಕೈತಪ್ತಿತ್ತು."

"ಹಾಗಾದ್ರೆ ಹಾಗೇ ಬರಿ."

ವಕೀಲಮ್ಮ ಪೆನ್ನು ತೆಗೆದು ಆ ಪ್ಯಾರಾವನ್ನು ಹೊಡೆದುಹಾಕಿದರು. ಪಕ್ಕದಲ್ಲಿ, ಈ ಕಾಯ್ದೆಗೆ ನಾನು ಸಮಿತಿಯಲ್ಲಾಗಲಿ ಸದನದಲ್ಲಾಗಲಿ ಆಕ್ಷೇಪಿಸಲಿಲ್ಲ, ಒಪ್ಪಿ ರುಜು ಹಾಕಿದೆ, ಕೈ ಎತ್ತಿದೆ ಎಂದು ಬರೆದರು. ಮಗಳು ಓದಿ ನೋಡಿ, ಹೊಸದಾಗಿ ಟೈಪು ಮಾಡಿಸಬೇಕು, ನಾಳೆ ಹತ್ತಕ್ಕೆ ಬಂದು ರುಜು ಹಾಕಿ ಎಂದಳು. ಹಾಕಿ ಎಂದು ಬಹುವಚನದಲ್ಲಿ ಹೇಳಿದ್ದು ಕಸುಬಿನ ರೂಢಿಯಿಂದಲೋ ಬೇಕೆಂತಲೋ ಗೊತ್ತಾಗಲಿಲ್ಲ.

ಹಿಡಿದುಕೊಂಡು ಹೋದ ಎಂಟನೆಯ ದಿನ, ಹನ್ನೆರಡು ಜನರ ಬಿಡುಗಡೆಯ ಕೋರಿಕೆಯನ್ನೂ ಸೇರಿಸಿದ್ದ ಮಗಳ ಅರ್ಜಿ ವಿಚಾರಣೆಗೆ ಬಂತು. ವಕೀಲಮ್ಮ ಹಿಂದಿನ ಸಾಲಿನಲ್ಲಿ, ಕೆಲಸಗಾರರ ಮನೆಯವರ ನಡುವೆ ಕೂತಿದ್ದರು. ಸರ್ಕಾರಿ ವಕೀಲರು ಆ ನಾಲ್ಕನೆಯ ಪ್ಯಾರಾವನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಅವತ್ತು ಸುಮ್ಮನಿದ್ದವರು ಇವತ್ತು ಮಗಳು ವಕೀಲೆಯೆಂದು ಮಾತು ತಿರುಗಿಸಿದ್ದಾರೆ ಎಂದರು. ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ಕನ್ನಡಕ ತೆಗೆದು, ತಮಗೆ ಅವಮಾನವಾಗುವ ಮಾತನ್ನೇ ಮುಚ್ಚಿಡದವರು ಉಳಿದದ್ದನ್ನು ಕಟ್ಟಿ ಬರೆದಿದ್ದಾರೆಂದು ಹೇಗೆ ನಂಬಲಿ ಎಂದು ಕೇಳಿದರು. ಸಮಿತಿಯ ನಡಾವಳಿಯನ್ನು ತಂದು ತೋರಿಸಿ ಎಂದರು. ಸರ್ಕಾರಿ ವಕೀಲರು ಸಮಯ ಕೇಳಿದರು. ಮರುದಿನ ಮಧ್ಯಾಹ್ನದವರೆಗೆ ಸಮಯ ಸಿಕ್ಕಿತು. ಮರುದಿನ ನಡಾವಳಿ ಬರಲಿಲ್ಲ. ಹನ್ನೆರಡು ಜನರನ್ನೂ ಬಿಡಬೇಕೆಂದು ಆದೇಶವಾಯಿತು. ಕಾನೂನು ಸರಿಯೋ ತಪ್ಪೋ ಎಂಬುದನ್ನು ಮುಂದೆ ನೋಡೋಣ ಎಂದು ಮೂರು ತಿಂಗಳಾಚೆಯ ತಾರೀಖು ಕೊಟ್ಟರು.

ಆ ಸಂಜೆಯೇ ಪಕ್ಷ ವಕೀಲಮ್ಮನನ್ನು ಅಮಾನತು ಮಾಡಿತು. ಮರುದಿನದಿಂದ ಬೆಂಚಿನ ಮೇಲೆ ಜನ ಅರ್ಧಕ್ಕರ್ಧ ಇಳಿದರು. ಪಕ್ಷವಿಲ್ಲದ ಶಾಸಕಿಯ ಶಿಫಾರಸು ಪತ್ರ ಎಲ್ಲಿ ನಡೆಯುತ್ತದೆ ಎಂಬುದು ಜನಕ್ಕೆ ಗೊತ್ತಿತ್ತು. ಅಜ್ಜಿಗೆ ಕ್ಯಾಲೆಂಡರಿನ ಹಾಳೆ ಉಳಿಯತೊಡಗಿತು. ಕನ್ನಡಕದವರು ಮಾತ್ರ, ಇನ್ನು ಮೇಲಾದರೂ ಹೆಂಡತಿ ಕೂತು ಉಂಡಾಳು ಎಂದರು.

ಗುಮಾಸ್ತರು ಹೊರಗೆ ಬಂದಾಗ ಬಲಗಾಲಿನ ಪಾದ ಊದಿಕೊಂಡಿತ್ತು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿದ್ದು ಕಾಲ್ಬೆರಳ ಸಂದಿಯಲ್ಲಿ ಹುಣ್ಣಾಗಿತ್ತು, ಮಾತ್ರೆಯಿಲ್ಲದ ನಾಲ್ಕು ದಿನದಲ್ಲಿ ಅದು ಒಳಕ್ಕೆ ಇಳಿದಿತ್ತು. ಹತ್ತು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಎರಡು ಬೆರಳು ತೆಗೆದರು. ಮನೆಗೆ ಕಳಿಸುವಾಗ, ಗಾಯಕ್ಕೆ ದಿನಾ ಪಟ್ಟಿ ಬದಲಾಯಿಸಬೇಕೆಂದು ಹೇಳಿದರು. ಅಜ್ಜಿಗೆ ಅದು ಎಡಗೈ ಕೆಲಸ, ಆದರೆ ಗುಮಾಸ್ತರ ಮನೆ ಮೂರನೆಯ ಮಹಡಿಯಲ್ಲಿತ್ತು, ಅಷ್ಟು ಮೆಟ್ಟಿಲು ಅವರಿಂದಾಗದು. ಹಾಗಾಗಿ ಮೊಮ್ಮಗಳನ್ನು ಕೂರಿಸಿಕೊಂಡು, ತಮ್ಮ ಮಗನ ಪಾದದ ಮೇಲೆ ಎರಡು ದಿನ ಕಲಿಸಿದರು. ಬಿಗಿಯಾಗಿ ಕಟ್ಟಿದರೆ ಕಟ್ಟಿದವರಿಗೆ ಸಮಾಧಾನ, ರೋಗಿಗಲ್ಲ ಎಂದು ನಾಲ್ಕು ಸಲ ಬಿಚ್ಚಿಸಿ ಕಟ್ಟಿಸಿದರು.

ಮೊದಲ ದಿನ ವಕೀಲಮ್ಮನೂ ಮಗಳ ಸ್ಕೂಟರಿನ ಹಿಂದೆ ಕೂತು ಹೊರಟರು. ಆಸ್ಪತ್ರೆಗೆ ಎರಡು ಸಲ ಹೋಗಿದ್ದರೂ ಗುಮಾಸ್ತರು ನಿದ್ದೆಯಲ್ಲಿದ್ದರೆಂದು ದೂರದಿಂದ ನೋಡಿ ಬಂದಿದ್ದರು. ಮಗಳು ಮೂಲೆಯ ಔಷಧಿ ಅಂಗಡಿಯಲ್ಲಿ ಹತ್ತಿ, ಪಟ್ಟಿ ಕೊಳ್ಳಲು ನಿಂತಳು. ವಕೀಲಮ್ಮ ಮೊದಲೇ ಮೆಟ್ಟಿಲೇರಿ ಹೋದರು. ಬಾಗಿಲು ತಟ್ಟಿದಾಗ ಗುಮಾಸ್ತರ ಹೆಂಡತಿ ತೆರೆದು, ಚಿಲಕದ ಮೇಲಿನ ಕೈ ತೆಗೆಯದೆ ನಿಂತರು. ಒಳಗಿನಿಂದ ಗುಮಾಸ್ತರ ದನಿ, ಯಾರು ಬಂದದ್ದು ಎಂದು ಕೇಳುತ್ತಿತ್ತು.

"ಅವತ್ತು ನೀವು ಹ್ಞೂಂ ಅಂದಿದ್ರೆ ಸಂಜೆಗೆ ಇವರು ಮನೇಲಿರ್ತಿದ್ರು ಅಲ್ವಾ?"

"ಇರ್ತಿದ್ರು."

"ನೀವು ಮಾಡಿದ್ದೇ ಸರಿ ಅಂತ ಇವರೂ ಹೇಳ್ತಾರೆ. ಹನ್ನೆರಡು ಜನ ಬಂದ್ರಲ್ಲ ಅಂತಾರೆ. ಇರಬಹುದು. ನಂಗೆ ಅಷ್ಟೆಲ್ಲ ಲೆಕ್ಕ ಬರಲ್ಲ. ಇವರ ಕಾಲು ತೊಳೆಯೋಳು ನಾನು. ಸ್ವಲ್ಪ ದಿನ ನೀವು ಇಲ್ಲಿಗೆ ಬರಬೇಡಿ."

ವಕೀಲಮ್ಮ ಆಯಿತು ಎಂದರು. ಮೂರು ಮಹಡಿ ಇಳಿದು ಬಂದರು. ಮಗಳು ಪಟ್ಟಿಯ ಪೊಟ್ಟಣ ಹಿಡಿದು ಸ್ಕೂಟರಿನ ಹತ್ತಿರ ನಿಂತಿದ್ದಳು. ಇಷ್ಟು ಬೇಗ ಯಾಕೆ ಇಳಿದೆ ಎಂದು ಕೇಳಿದಳು. ಬರಬೇಡಿ ಎಂದರು ಎಂದು ವಕೀಲಮ್ಮ ಹೇಳಿದರು.

ಮಗಳು ಮೇಲಿನ ಕಿಟಕಿಯನ್ನೊಮ್ಮೆ ನೋಡಿದಳು.

"ನಾನು ಹೋಗಬಹುದಾ?"

"ನಿನ್ನ ವಿಷಯ ಏನೂ ಹೇಳಲಿಲ್ಲ. ಹೋಗು. ನೀರು ಕಾಯಿಸಿ ಆರಿಸಿಕೊಳ್ಳೋದು ಮರೀಬೇಡ."

ಮಗಳು ಸ್ಕೂಟರಿನ ಕೀಲಿಯನ್ನು ಅಮ್ಮನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದಳು. ಬೀದಿಯಲ್ಲಿ ಬಿಸಿಲು ಏರಿತ್ತು. ಎದುರಿನ ಅಂಗಡಿಯವನು ಗುರುತು ಹಿಡಿದು, ಒಳಗೆ ಬಂದು ಕೂತುಕೊಳ್ಳಿ ವಕೀಲಮ್ಮ ಎಂದು ಸ್ಟೂಲು ತೋರಿಸಿದ. ಪರವಾಗಿಲ್ಲ, ಮಗಳು ಈಗ ಬರುತ್ತಾಳೆ ಎಂದು ಅವರು ಅಲ್ಲೇ ನಿಂತರು. ಮುಕ್ಕಾಲು ಗಂಟೆ ನಿಂತರು.